ಗೋಡೆಗೊಂದು ತೂತು, ಅಣ್ಣ-ತಮ್ಮರಿಗೊಂದು ಪ್ರಿಂಟರು

ವಿಜಯಪುರದಲ್ಲಿ ನಿಮಗೆ ಕಂಪ್ಯೂಟರ್ ಬರುತ್ತದೆ ಅಂತ ಯಾರ ಮುಂದೆಯೂ ಬಾಯಿ ಬಿಡಬೇಡಿ. ಬಿಟ್ಟಿರೋ, ಕೆಟ್ಟಿರಿ. ಮದುವೆ ಊಟದಲ್ಲಿ ಹೋಳಿಗೆ ಮೇಲೆ ತುಪ್ಪ ಬೀಳುವ ಹೊತ್ತಿಗೇ ಬಾಜೂ ಎಲೆಯವರು ಮೊಬೈಲ್ ಚಾಚಿ, "ಇದಿಷ್ಟ ನೋಡ್ರಿ, ಬರೇ ಗರಗರ ತಿರಗಾಕತ್ತೈತಿ" ಅನ್ನುತ್ತಾರೆ. ನಳ ರಿಪೇರಿಗೆ ಬಂದವನಿಗೆ ಎಣಿಸಿ ರೊಕ್ಕ ಕೊಡುವ ಜನ, ಕಂಪ್ಯೂಟರ್ ರಿಪೇರಿಗೆ ಬಂದ ಬೀಗರಿಗೆ ಚಹಾ ಕೊಡುತ್ತಾರೆ. ಅದೂ, "ಸಕ್ಕರಿ ಕಡಿಮಿ ಹಾಕೀವ್ರಿ, ನಿಮ್ದು ಕುಂತ ಕೆಲಸ" ಅನ್ನುವ ಷರಾ ಸಮೇತ.

ಮೊದಮೊದಲು ಕರೆ ಬರುತ್ತಿದ್ದದ್ದು ಕಂಪ್ಯೂಟರ್ ಕೆಟ್ಟಿದೆ ಅಂತ. ಈಗ ಕಾಲ ಮುಂದೆ ಹೋಗಿದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಟಿವಿ, ಬಾಗಿಲಿಗೆ ಸಿಸಿ ಕ್ಯಾಮೆರಾ, ಆಳಿಗೊಂದು ಮೊಬೈಲು. ಎಲ್ಲ ಒಂದೇ ಸೂರಿನಡಿ ಇದ್ದೂ ಒಂದಕ್ಕೊಂದು ಮಾತು ಬಿಟ್ಟಿವೆ ಅನ್ನುವುದು ಹೊಸ ದೂರು. ಇವನ್ನು ಕೂಡಿಸಿ ಕೊಡಬೇಕಂತೆ. ಯಂತ್ರಗಳನ್ನು ಕೂಡಿಸುವುದು ಒಂದು ಮಧ್ಯಾಹ್ನದ ಕೆಲಸ. ಅವು ಪಾಪ, ಹೇಳಿದಂತೆ ಕೇಳುತ್ತವೆ. ತಕರಾರೆಲ್ಲ ಮಾಲೀಕರದು.

ಹೊಸಬರ ತಲೆಯಿಂದ ಮೊದಲು ಇಳಿಸಬೇಕಾದ ಭಾರವೆಂದರೆ ಇಂಟರ್ನೆಟ್ಟು. ಮನೆಯೊಳಗಿನ ನೆಟ್‌ವರ್ಕಿಗೆ ಹೊರಗಿನ ನೆಟ್ ಬೇಕೇ ಬೇಕು ಅಂತೇನೂ ಇಲ್ಲ. ರಸ್ತೆ ಅಗೆಯುವ ಜೆಸಿಬಿ ಎಲ್ಲೋ ಫೈಬರ್ ಕತ್ತರಿಸಿ, ಇಡೀ ಓಣಿ ಮೊಬೈಲ್ ಎತ್ತಿ ಹಿಡಿದು ಮಾಳಿಗೆ ಮೇಲೆ ನಿಂತಿದ್ದರೂ, ಪಡಸಾಲೆಯ ಲ್ಯಾಪ್‌ಟಾಪಿನಿಂದ ಒಳಕೋಣೆಯ ಪ್ರಿಂಟರಿಗೆ ಹಾಳೆ ಹೋಗಿಯೇ ಹೋಗುತ್ತದೆ. ಇದನ್ನು ಹೇಳಿದರೆ ನಂಬುವವರು ಕಡಿಮೆ. "ರಿಚಾರ್ಜ್ ಮುಗದೈತಿ, ಈಗ ಪ್ರಿಂಟ್ ಹೆಂಗ ಬರ್ತೈತ್ರಿ?" ಅಂತ ಕೇಳಿದವರು ಡಬಲ್ ಡಿಗ್ರಿ ಮಾಡಿದವರು.

ಬಬಲೇಶ್ವರದಲ್ಲಿ ನಮ್ಮಕ್ಕನ ಮನೆ. ಹಳೇ ಮಾಳಿಗೆ ಮನೆ, ಕಲ್ಲು-ಮಣ್ಣಿನ ಗೋಡೆ. ಗೋಡೆಯ ದಪ್ಪದೊಳಗೆ ಗೂಡು, ಗೂಡಿನೊಳಗೆ ದೇವರು, ದೇವರ ಹಿಂದೆ ಕರೆಂಟ್ ಬಿಲ್ಲು. ಬಿಸಿಲಿಗೆ ಅಂಥ ಮನೆಯಂಥ ತಂಪು ಇನ್ನೊಂದಿಲ್ಲ. ವೈಫೈಗೆ ಅಂಥ ವೈರಿಯೂ ಇನ್ನೊಂದಿಲ್ಲ. ರೌಟರಿನಿಂದ ಹೊರಡುವ ಅಲೆ ಎರಡು ಬಗೆ: 2.4 ಗಿಗಾಹರ್ಟ್ಸ್‌ನದು ನಿಧಾನ, ಆದರೆ ಗೋಡೆ ದಾಟುವ ಛಲ ಉಂಟು. 5 ಗಿಗಾಹರ್ಟ್ಸ್‌ನದು ಭಾರಿ ವೇಗ, ಗೋಡೆ ಕಂಡರೆ ಅಲ್ಲೇ ಕೂತುಬಿಡುತ್ತದೆ. ಅಕ್ಕನ ಮನೆಯಲ್ಲಿ ಎರಡೂ ಪಡಸಾಲೆ ದಾಟುತ್ತಿರಲಿಲ್ಲ. ಹೋಗಿ ನೋಡಿದರೆ ಗೋಡೆಯದೇನೂ ಪೂರ್ತಿ ತಪ್ಪಲ್ಲ. ಮಾವನವರು ರೌಟರನ್ನು ತಿಜೂರಿಯೊಳಗಿಟ್ಟು ಕೀಲಿ ಹಾಕಿದ್ದರು.

"ಯಾಕ್ರೀ ಮಾವಾ ಇದು?"

"ರೊಕ್ಕ ಕೊಟ್ಟ ತಂದಿದ್ದಪಾ. ಹುಡುಗರು ಜಗ್ಗಿ ಕೆಡವ್ಯಾವು."

ತಿಜೂರಿ ಬಲು ಗಟ್ಟಿ ಉಕ್ಕಿನದು. ರೇಡಿಯೋ ಅಲೆಗೆ ಉಕ್ಕಿನ ಪೆಟ್ಟಿಗೆ ಅಂದರೆ ಸೆರೆಮನೆಯೇ. ಹಿಂಬದಿಯಲ್ಲಿ ವೈರ್ ತೂರಿಸಲು ಕೊರೆದ ತೂತಿನಿಂದ ಅಷ್ಟಿಷ್ಟು ಸಿಗ್ನಲ್ ಸೋರುತ್ತಿತ್ತಲ್ಲ, ಮನೆಮಂದಿ ಅದರಲ್ಲೇ ಧಾರಾವಾಹಿ ನೋಡುತ್ತಿದ್ದರು. ರೌಟರನ್ನು ಬಿಡುಗಡೆ ಮಾಡಿ ಎತ್ತರದಲ್ಲಿ, ಮನೆಯ ನಡುಮಧ್ಯೆ, ಕಬ್ಬಿಣದಿಂದ ದೂರ ಕೂರಿಸಿದ್ದಾಯಿತು. ಅಡುಗೆಮನೆಗೆ ಆಗಲೂ ಸಾಲಲಿಲ್ಲ. ಅದಕ್ಕೆ ಅಳಿಯ ತನ್ನ ಹಾಸ್ಟೆಲಿನ ಹಳೇ ರೌಟರ್ ತಂದು ಬೆಳಕಿಂಡಿಯಿಂದ ಕೇಬಲ್ ಇಳಿಸಿ ಜೋಡಿಸಿದ. ಉಪಾಯ ಸರಿ, ಆದರೆ ಅಂದಿನಿಂದ ಮನೆಯಲ್ಲಿ ವಿಚಿತ್ರ ಶುರು. ಅಕ್ಕನ ಮೊಬೈಲಿಗೆ ನೆಟ್ ಇದೆ, ಮಾವನವರದಕ್ಕೆ ಇಲ್ಲ. ಸಂಜೆಗೆ ಅದು ಅದಲುಬದಲು.

ಕಾರಣ ಇಷ್ಟೇ. ಹೊಸದಾಗಿ ಬಂದ ಮೊಬೈಲಿಗೋ ಕಂಪ್ಯೂಟರಿಗೋ ನಂಬರು ಹಂಚುವ ಕೆಲಸ ರೌಟರಿನದು, ಡಿಎಚ್‌ಸಿಪಿ ಅಂತಾರೆ. ಎರಡು ರೌಟರ್ ಇಟ್ಟರೆ ಎರಡೂ 'ನಾನೇ ಯಜಮಾನ' ಅಂತ ನಂಬರು ಹಂಚುತ್ತವೆ. ಹೊರಗಿನ ದಾರಿ ಗೊತ್ತಿರುವುದು ಒಂದಕ್ಕೆ ಮಾತ್ರ. ಗೊತ್ತಿಲ್ಲದ್ದರ ಕೈಗೆ ಸಿಕ್ಕ ಮೊಬೈಲು ಬಾವಿಗೆ ಬಿತ್ತು. ಎರಡನೆಯದರಲ್ಲಿ ಡಿಎಚ್‌ಸಿಪಿ ಬಂದ್ ಮಾಡಿ, ಅದರ ಸ್ವಂತ ವಿಳಾಸವನ್ನು 192.168.1.2 ಅಂತ ಬದಲಿಸಿ, ಕೇಬಲನ್ನು 'ವ್ಯಾನ್' ಅಂತ ಬರೆದ ತೂತಿನಿಂದ ಕಿತ್ತು 'ಲ್ಯಾನ್' ಅಂತ ಬರೆದದ್ದಕ್ಕೆ ಚುಚ್ಚಿದರೆ ಮುಗಿಯಿತು. ಯಂತ್ರ ತಕ್ಷಣ ಒಪ್ಪಿಕೊಂಡಿತು. ಮನೆಯಲ್ಲಿ ಎರಡು ಯಜಮಾನಿಕೆ ನಡೆಯುವುದಿಲ್ಲ ಅಂತ ನಾನು ಅಂದದ್ದನ್ನು ಅಕ್ಕ ಮತ್ತು ಅವಳ ಅತ್ತೆ ಇಬ್ಬರೂ ತಮತಮಗೆ ಬೇಕಾದಂತೆ ಅರ್ಥ ಮಾಡಿಕೊಂಡರು. ಅದು ಬೇರೆ ಪುರಾಣ.

ನಿಜವಾದ ಕಥೆ ತಿಕೋಟಾದ್ದು. ಅಥಣಿ ರಸ್ತೆ ಹಿಡಿದು ಹೋದರೆ ಸಿಗುವ ಈ ಊರಿಗೆ ದ್ರಾಕ್ಷಿಯೇ ಜೀವ. ಅಲ್ಲಿ ನಮ್ಮ ಇಬ್ಬರು ಕಾಕಂದಿರ ಅಂಗಡಿ. ಮೊದಲು ಒಂದೇ ಅಂಗಡಿ ಇತ್ತು. ಪಾಲಾದ ಮೇಲೆ ನಡುವೆ ಇಟ್ಟಂಗಿ ಗೋಡೆ ಎದ್ದಿತು. ಗೋಡೆಯ ಈ ಕಡೆ ದೊಡ್ಡ ಕಾಕಾ: ಗೊಬ್ಬರ, ಔಷಧ, ಸ್ಪ್ರೇ ಪಂಪು. ಆ ಕಡೆ ಸಣ್ಣ ಕಾಕಾ: ಝೆರಾಕ್ಸು, ಆನ್‌ಲೈನ್ ಅರ್ಜಿ, ಹೊಲದ ಉತಾರ ಅಂದರೆ ಪಹಣಿ. ತಲಾಟಿಯ ಕೈಬರಹದಲ್ಲಿದ್ದ ಉತಾರ 'ಭೂಮಿ' ಯೋಜನೆ ಬಂದಮೇಲೆ ಪ್ರಿಂಟರಿಗೆ ಇಳಿಯಿತಲ್ಲ, ಸಣ್ಣ ಕಾಕಾನ ಒಲೆ ಉರಿಯುವುದು ಅದರಿಂದಲೇ. ಅಣ್ಣ-ತಮ್ಮ ನೇರ ಮಾತಾಡುವುದಿಲ್ಲ. ನಡುವೆ ಮೂರನೆಯವನೊಬ್ಬ ಇದ್ದರೆ ಅವನಿಗೆ ಹೇಳುವಂತೆ ಹೇಳಿ ಇನ್ನೊಬ್ಬನಿಗೆ ಕೇಳಿಸುತ್ತಾರೆ.

ಅಂಥವರಿಬ್ಬರಿಗೂ ಏಕಕಾಲಕ್ಕೆ ಒಂದು ಸತ್ಯ ಹೊಳೆಯಿತು. ದೊಡ್ಡ ಕಾಕಾನಿಗೆ ಬಿಲ್ಲು ಹೊಡೆಯಲು ಪ್ರಿಂಟರ್ ಬೇಕು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಶುರುವಾದರೆ ದ್ರಾಕ್ಷಿಗೆ ಔಷಧ ಹೊಡೆಯುವವರ ಸಾಲು ಹನುಮಪ್ಪನ ಬಾಲ. ಸಣ್ಣ ಕಾಕಾನ ಹತ್ತಿರ ಗಟ್ಟಿಮುಟ್ಟಾದ ಲೇಸರ್ ಪ್ರಿಂಟರ್ ಇದೆ, ಮಧ್ಯಾಹ್ನವೆಲ್ಲ ಸುಮ್ಮನೆ ಕೂತಿರುತ್ತದೆ. ಒಂದು ಗೋಡೆ, ಒಂದು ವೈರು. ನನಗೆ ಫೋನ್ ಬಂತು.

ಸಾಮಾನು ಹೆಚ್ಚೇನಲ್ಲ. ಐದು ತೂತಿನ ಒಂದು ಸ್ವಿಚ್, ಕ್ಯಾಟ್ 6 ಕೇಬಲ್, ಆರ್‌ಜೆ 45 ಅನ್ನುವ ಪ್ಲಾಸ್ಟಿಕ್ ಕನೆಕ್ಟರ್ ಒಂದು ಹಿಡಿ, ಅದನ್ನು ಒತ್ತಲು ಕ್ರಿಂಪಿಂಗ್ ಟೂಲ್, ಸಾಲುದೀಪದ ಒಂದು ಟೆಸ್ಟರ್. ವಿಜಯಪುರದ ಅಂಗಡಿಗೆ ದೊಡ್ಡ ಕಾಕಾ ತಾನೂ ಬಂದ. ಬೇಕಾದದ್ದು ಹತ್ತೆಂಟು ಮೀಟರ್ ಕೇಬಲ್ಲು. ಕಾಕಾನ ಕಣ್ಣು ಮಾತ್ರ 305 ಮೀಟರಿನ ಪೂರಾ ಡಬ್ಬಿಯ ಮೇಲೆ.

"ಮೀಟರ್ ಲೆಕ್ಕದಾಗ ತುಟ್ಟಿ ಬೀಳ್ತೈತಿ ತಮ್ಮಾ. ಡಬ್ಬೀನ ತೊಗೊಳೋಣ. ಉಳದದ್ದು ಪಡದಾಗ ಬಳ್ಳಿ ಕಟ್ಟಾಕ ಬರ್ತೈತಿ."

ಕೇಬಲ್ ಕೊಳ್ಳುವಾಗ ಒಂದು ಮಾತು ನೆನಪಿರಲಿ. ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆರೆದಲ್ಲೂ ಕೆಂಪಗಿದ್ದರೆ ತಾಮ್ರ; ಬೆಳ್ಳಗೆ ಹೊಳೆದರೆ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಅದು ಸೋವಿ, ಮತ್ತು ಎರಡು ಸಲ ಬಗ್ಗಿಸಿದರೆ ತುಂಡು. ಕಾಕಾ ಕೆರೆದು ನೋಡಿದ, ನೆಕ್ಕಿಯೂ ನೋಡಿದ. ಯಾಕೆಂದು ಕೇಳಲಿಲ್ಲ, ಮಣೂಕದ, ಅಂದರೆ ಒಣದ್ರಾಕ್ಷಿಯ, ವ್ಯಾಪಾರ ಕಂಡ ಕೈ, ಬಾಯಿಗಿಟ್ಟ ಹೊರತು ಯಾವ ಮಾಲನ್ನೂ ನಂಬುವುದಿಲ್ಲ.

ಗೋಡೆಗೆ ತೂತು ಕೊರೆಯುವುದು ಯಾರ ಕಡೆಯಿಂದ ಅನ್ನುವ ಪ್ರಶ್ನೆ ಎದ್ದಿತು. ಈ ಕಡೆಯಿಂದ ಕೊರೆದರೆ ಧೂಳು ಆ ಕಡೆ. ಆ ಕಡೆಯಿಂದ ಕೊರೆದರೆ ಗೋಡೆ ತನ್ನದು ಅಂತ ಒಪ್ಪಿಕೊಂಡಂತೆ. ಕಡೆಗೆ ಎರಡೂ ಕಡೆಯಿಂದ ಅರ್ಧರ್ಧ ಕೊರೆದರು. ಎರಡು ತೂತು ಒಂದಕ್ಕೊಂದು ಎರಡು ಬೆರಳು ತಪ್ಪಿದವು. ಆ ಸೊಟ್ಟ ಸುರಂಗದಲ್ಲಿ ಪಿವಿಸಿ ಕೊಳವೆ ತೂರಿಸಲು ಪಟ್ಟ ಪಾಡು ನನಗೇ ಗೊತ್ತು.

ಕೇಬಲ್ ಸುಲಿದರೆ ಒಳಗೆ ಎಂಟು ಎಳೆ, ನಾಲ್ಕು ಜೋಡಿ. ಒಂದೊಂದು ಜೋಡಿಯನ್ನೂ ಹುರಿ ಹಾಕಿರುತ್ತಾರೆ. ಹುರಿ ಅಂದಕ್ಕಲ್ಲ. ಹೊರಗಿನ ವಿದ್ಯುತ್ ಗದ್ದಲ ಜೋಡಿಯ ಎರಡೂ ಎಳೆಗೆ ಸಮನಾಗಿ ತಾಗುತ್ತದೆ, ಆ ಕಡೆ ತುದಿಯಲ್ಲಿ ಒಂದರಿಂದ ಒಂದು ಕಳೆದಾಗ ಗದ್ದಲವೆಲ್ಲ ವಜಾ. ಹಾಗಾಗಿ ಹುರಿಯನ್ನು ತುದಿಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಕನೆಕ್ಟರಿನ ಒಳಗೆ ಕೂರಿಸುವ ಕ್ರಮ ಇದು: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು.

ಕಾಕಾ ಕನ್ನಡಕ ಏರಿಸಿ ನೋಡಿದ. "ಕೇಸರಿ ಮುಂದ, ಹಸರಿನ ಜೋಡಿ ಒಡದ ನಡುವ ನೀಲಿ ಹೊಕ್ಕೈತಿ. ಇದೇನ ವೈರೋ, ನಮ್ಮ ಪಂಚಾಯ್ತಿ ಇಲೆಕ್ಷನ್ನೋ?"

ನಗುವ ಮಾತಾದರೂ ಕಾಕಾನ ಕಣ್ಣು ಚುರುಕು. ಹಸಿರು ಜೋಡಿಯನ್ನು ಒಡೆದು ಮೂರು ಮತ್ತು ಆರನೆಯ ಮನೆಯಲ್ಲಿ ಕೂರಿಸುವುದೇ ಹೊಸಬರನ್ನು ಕೆಡಿಸುವುದು. "ಎರಡೂ ಕಡೆ ಒಂದೇ ಥರ ಇದ್ದರಾಯಿತಲ್ಲ" ಅಂತ ಬಣ್ಣದ ಪ್ರಕಾರ ಜೋಡಿ ಜೋಡಿಯಾಗಿ ತುರುಕಿಬಿಡುತ್ತಾರೆ. ಟೆಸ್ಟರಿನ ಎಂಟೂ ದೀಪ ಚೆಂದಾಗಿ ಹತ್ತುತ್ತವೆ. ಆದರೆ ಸಂಕೇತ ಹೋಗುವುದು ಬೇರೆ ಬೇರೆ ಜೋಡಿಯ ಎಳೆಗಳಲ್ಲಿ, ಹುರಿ ಹಾಕಿದ್ದು ವ್ಯರ್ಥ. ನೆಟ್‌ವರ್ಕ್ ನಡೆದಂತೆ ನಡೆದು ನಡುವೆ ಕುಂಟುತ್ತದೆ, ಎಲ್ಲರೂ ಕಂಪ್ಯೂಟರಿಗೆ ಬೈಯುತ್ತಾರೆ. ಇನ್ನೊಂದು ಮೋಜೆಂದರೆ 100 ಮೆಗಾಬಿಟ್ ವೇಗಕ್ಕೆ ನಾಲ್ಕೇ ಎಳೆ ಸಾಕು, ಉಳಿದ ನಾಲ್ಕು ಆರಾಮ ಮಲಗಿರುತ್ತವೆ. 1000ಕ್ಕೆ ಎಂಟೂ ದುಡಿಯಬೇಕು. ಆ ಮಲಗುವ ನಾಲ್ಕರಲ್ಲಿ ಒಂದು ಎಳೆ ಸರಿಯಾಗಿ ಕಚ್ಚದಿದ್ದರೆ ವೇಗ ಸದ್ದಿಲ್ಲದೆ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಸ್ವಿಚ್ ಡಬ್ಬಿ ಬಿಚ್ಚುವಾಗ ದೊಡ್ಡ ಕಾಕಾನ ಮಗ ಗುಜರಿಯಿಂದ ತಂದ ಹಳೇ ಹಬ್ ಒಂದನ್ನು ಎತ್ತಿ ತೋರಿಸಿದ. "ಇದರಾಗೂ ತೂತ ಅದಾವಲ್ಲಣ್ಣಾ, ಸುಮ್ನ ರೊಕ್ಕ ಯಾಕ ಹಾಕಿದ್ರಿ?" ತೂತು ಇದ್ದರೆ ಎಲ್ಲ ಒಂದೇ ಆಗುವುದಿದ್ದರೆ ಕೊಳಲಿಗೂ ಸಾರಣಿಗೆಗೂ ಏನು ಭೇದ? ಅವನನ್ನು ಕೂರಿಸಿಕೊಂಡು ಗೋಲಗುಮ್ಮಟ ತೋರಿಸಬೇಕಾಯಿತು, ಮಾತಿನಲ್ಲೇ.

ಮಹಮ್ಮದ್ ಆದಿಲ್‌ಶಾಹನ ಆ ಗೋರಿ 1656ರ ಹೊತ್ತಿಗೆ ಮುಗಿದದ್ದು. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಗೋಡೆಗೆ ಬಾಯಿ ಹಚ್ಚಿ ಉಸಿರಿದರೆ ಆಚೆ ಬದಿಯವರಿಗೆ ಕೇಳುತ್ತದೆ. ಒಂದು ಚಪ್ಪಾಳೆ ಏಳು ಸಲ ಮರಳುತ್ತದೆ ಅಂತ ಗೈಡುಗಳು ಹೇಳುತ್ತಾರೆ. ಇದನ್ನು ಕೇಳಬೇಕಾದರೆ ಗ್ಯಾಲರಿಯಲ್ಲಿ ಒಬ್ಬನೇ ಮಾತಾಡಬೇಕು. ನಡೆಯುವುದೇನು? ಸಾಲಿ ಟ್ರಿಪ್ಪಿನ ಬಸ್ಸು ಬಂದು, ಮಕ್ಕಳೆಲ್ಲ ಒಂದೇ ಉಸಿರಿಗೆ "ಓ" ಅಂತ ಕೂಗಿ, ಯಾರ ದನಿ ಯಾರಿಗೂ ತಿಳಿಯದೆ ಮಾಸ್ತರರು ಶಿಳ್ಳೆ ಊದಿ, ಶಿಳ್ಳೆಯೂ ಏಳು ಸಲ ಮರಳಿ... ಹಬ್ ಅಂದರೆ ಅದೇ. ಒಂದು ತೂತಿನಿಂದ ಬಂದದ್ದನ್ನು ಮಿಕ್ಕ ಎಲ್ಲ ತೂತುಗಳಿಗೂ ಒದರುತ್ತದೆ. ಇಬ್ಬರು ಒಮ್ಮೆಗೇ ಮಾತಾಡಿದರೆ ಎರಡೂ ಮಾತು ಕೆಡುತ್ತವೆ.

ಶುರುವಿಗೆ ಲೋಕವೆಲ್ಲ ಹೀಗೇ ನಡೆಯಿತು. ಹವಾಯಿ ದ್ವೀಪಗಳಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಗಾರರು 1971ರಲ್ಲಿ ಕಂಪ್ಯೂಟರುಗಳನ್ನು ರೇಡಿಯೋದಲ್ಲಿ ಮಾತಾಡಿಸಿದಾಗ ನಿಯಮ ಸರಳವಿತ್ತು: ಮಾತಾಡು, ಉತ್ತರ ಬಾರದಿದ್ದರೆ ಸ್ವಲ್ಪ ತಡೆದು ಮತ್ತೆ ಮಾತಾಡು. 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್ಕಾಫ್ ಅದಕ್ಕೆ ಸ್ವಲ್ಪ ಸಂಸ್ಕಾರ ಕೊಟ್ಟ: ಮೊದಲು ಕಿವಿಗೊಡು, ಯಾರೂ ಮಾತಾಡದಿದ್ದರೆ ನೀನು ಶುರುಮಾಡು, ಡಿಕ್ಕಿಯಾದರೆ ಇಬ್ಬರೂ ಸುಮ್ಮನಾಗಿ, ಒಬ್ಬೊಬ್ಬರು ಒಂದೊಂದಷ್ಟು ಹೊತ್ತು ಕಾಯಿರಿ. ಅದೇ ಈಥರ್ನೆಟ್. ಝೆರಾಕ್ಸ್ ಹೆಸರು ಕೇಳಿದ್ದೇ ಸಣ್ಣ ಕಾಕಾನಿಗೆ ತನ್ನ ಅಂಗಡಿಗೂ ಈಥರ್ನೆಟ್ಟಿಗೂ ರಕ್ತಸಂಬಂಧ ಇದೆ ಅನ್ನಿಸಿ ಎದೆ ಉಬ್ಬಿತು. ಗೋಡೆಯಾಚೆ ಕೇಳುವಂತೆ ಕೆಮ್ಮಿದ.

ಸ್ವಿಚ್ಚಿನಲ್ಲಿ ಈ ಗದ್ದಲ ಇಲ್ಲ. ಯಾವ ತೂತಿನಲ್ಲಿ ಯಾವ ಯಂತ್ರ ಕೂತಿದೆ ಅಂತ ಅದು ಮೊದಲ ಮಾತಿನಲ್ಲೇ ಗುರುತು ಹಿಡಿದು ಇಟ್ಟುಕೊಳ್ಳುತ್ತದೆ. ಆಮೇಲೆ ಬಿಲ್ಲು ಪ್ರಿಂಟರಿಗೆ ಅಂದರೆ ಪ್ರಿಂಟರಿಗೇ. ಒಂದೇ ಎಚ್ಚರ: ಖಾಲಿ ಉಳಿದ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚಬೇಡಿ. "ಸುಮ್ನ ಯಾಕ ಜೋತಾಡಬೇಕು" ಅಂತ ಚೊಕ್ಕಟ ಮಾಡಲು ಹೋಗಿ ಹೀಗೆ ಚುಚ್ಚುವವರಿದ್ದಾರೆ. ಎಲ್ಲರಿಗೂ ಹೇಳಿದ ಒಂದು ಮಾತು ಆ ಸುತ್ತಿನಲ್ಲಿ ಸಿಕ್ಕು ತಿರುಗಿ ತಿರುಗಿ ಇಡೀ ನೆಟ್‌ವರ್ಕನ್ನೇ ಮಲಗಿಸುತ್ತದೆ.

ಈಗ ವಿಳಾಸದ ಪಾಳಿ. ಸಣ್ಣ ಕಾಕಾನ ಕಡೆ ಫೈಬರಿನ ರೌಟರ್ ಇತ್ತು, ಅದರ ವಿಳಾಸ 192.168.1.1. ಪ್ರಿಂಟರಿಗೆ 192.168.1.50 ಅಂತ ಖಾಯಂ ನಂಬರು ಕೊಟ್ಟೆ. ಪ್ರಿಂಟರಿನ ನಂಬರು ದಿನಕ್ಕೊಂದಾದರೆ ಹುಡುಕುವ ಕಂಪ್ಯೂಟರಿಗೆ ತಲೆಕೆಡುತ್ತದೆ. ದೊಡ್ಡ ಕಾಕಾನಿಗೆ ಸಂಶಯ ಬಂತು.

"ಈ ನಂಬರು ನಮಗಷ್ಟ ಕೊಟ್ಟಾರೇನು?"

"ಇಲ್ಲ ಕಾಕಾ. ಅಥಣ್ಯಾಗೂ ಇದ, ಜಮಖಂಡ್ಯಾಗೂ ಇದ, ಜಪಾನದಾಗೂ ಇದ."

"ಹಂಗಾರ ನನ್ನ ಬಿಲ್ ಜಪಾನದಾಗ ಹೊಂಟ್ರ?"

ಹೊರಡುವುದಿಲ್ಲ. ಮನೆಯೊಳಗೆ ಬಳಸಿಕೊಳ್ಳಿ ಅಂತ ಕೆಲವು ನಂಬರುಗಳನ್ನು 1996ರಲ್ಲೇ ಬೇರೆ ತೆಗೆದಿಟ್ಟಿದ್ದಾರೆ. 192.168ರಿಂದ ಶುರುವಾಗುವವೇ 65,536. ಹೊರಗಿನ ಇಂಟರ್ನೆಟ್ಟಿನಲ್ಲಿ ಇವಕ್ಕೆ ಬೆಲೆಯಿಲ್ಲ, ಹೊಸ್ತಿಲು ದಾಟಿದರೆ ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ತಾನಾಗಿ 169.254ರಿಂದ ಶುರುವಾಗುವ ನಂಬರು ತೋರಿಸಿದರೆ ಮಾತ್ರ ಗೊತ್ತು ಮಾಡಿಕೊಳ್ಳಿ: ನಂಬರು ಹಂಚುವವನು ಅದಕ್ಕೆ ಸಿಕ್ಕಿಲ್ಲ. ಹೆಚ್ಚಾಗಿ ವೈರು ಕಿತ್ತಿರುತ್ತದೆ.

ಇಲ್ಲಿ ಸಣ್ಣ ಕಾಕಾ ಬಾಯಿ ತೆರೆದ, ನನ್ನ ಮುಖ ನೋಡುತ್ತ. "ಪ್ರಿಂಟರ್ ಕೊಡ್ತೀನಂದೀನಿ, ಖರೆ. ನೆಟ್ ಕೊಡ್ತೀನಂದಿಲ್ಲ. ವೈರ್ ಹಾಕಿದಮ್ಯಾಲ ಅವರ ಕಡಿ ಹುಡುಗರು ನನ್ನ ರೊಕ್ಕದ ನೆಟ್ಟಿನಾಗ ಪಿಚ್ಚರ ನೋಡಿದ್ರ?"

ನ್ಯಾಯವಾದ ಮಾತು. ಅದಕ್ಕೂ ಮದ್ದಿದೆ. ದೊಡ್ಡ ಕಾಕಾನ ಕಂಪ್ಯೂಟರಿಗೆ ಕೈಯಿಂದಲೇ 192.168.1.200 ಅಂತ ನಂಬರು ಬರೆದು, 'ಗೇಟ್‌ವೇ' ಅನ್ನುವ ಖಾನೆಯನ್ನು ಖಾಲಿ ಬಿಟ್ಟೆ. ಹೊರಗಿನ ದಾರಿ ಯಾವ ಕಡೆ ಅಂತ ಆ ಖಾನೆ ಹೇಳುತ್ತದೆ. ಖಾಲಿ ಬಿಟ್ಟರೆ ಕಂಪ್ಯೂಟರ್ ಮನೆಯೊಳಗೆ ಎಲ್ಲರ ಜೊತೆ ಮಾತಾಡುತ್ತದೆ, ಅಂಗಳಕ್ಕೆ ಇಳಿಯುವುದಿಲ್ಲ. ಪಾಲುಪತ್ರಕ್ಕೆ ಇಷ್ಟು ಚೊಕ್ಕವಾಗಿ ಒಪ್ಪುವ ಏರ್ಪಾಡು ವಕೀಲರಿಗೂ ಹೊಳೆಯುತ್ತಿರಲಿಲ್ಲ ಅಂತ ನಾನೇ ಬೀಗಿದೆ. ಆ ಖಾನೆಯನ್ನು ದೊಡ್ಡ ಕಾಕಾನ ಮಗ ಯಾವ ಅಮವಾಸ್ಯೆಯ ರಾತ್ರಿ ತುಂಬಿದನೋ ತಿಳಿಯದು. ಈಗಿನ ಹುಡುಗರಿಗೆ ಖಾಲಿ ಖಾನೆ ಕಂಡರೆ ಕೈ ತಡೆಯುವುದಿಲ್ಲ.

ಪ್ರಿಂಟ್ ಬಂತು. ಮೊದಲ ಬಿಲ್ಲು ಗೋಡೆಯಾಚೆ ಬಿದ್ದದ್ದನ್ನು ಸಣ್ಣ ಕಾಕಾನೇ ತಂದು ಕೊಟ್ಟ, ನನ್ನ ಕೈಗೆ. ಎಲ್ಲರೂ ಚಹಾ ಕುಡಿದೆವು. ಕಥೆ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಿಸದೇ ಇದ್ದದ್ದು ಅದೇ ಹುಡುಗ. ಪ್ರಿಂಟರ್ ಹಂಚಿಕೊಂಡ ಹುಮ್ಮಸ್ಸಿನಲ್ಲಿ ಫೋಲ್ಡರನ್ನೂ ಹಂಚಿಕೊಳ್ಳೋಣ ಅಂತ ಇಡೀ ಡಿ ಡ್ರೈವನ್ನೇ ತೆರೆದಿಟ್ಟ. ಯಾರಿಗೆ ಅಂತ ಕಂಪ್ಯೂಟರ್ ಕೇಳಿದ್ದಕ್ಕೆ 'ಎಲ್ಲರಿಗೂ' ಅಂದ, ಪಾಸ್‌ವರ್ಡ್ ಬೇಕೇ ಅಂದರೆ ಬ್ಯಾಡ ಅಂದ. ಆ ಡ್ರೈವಿನಲ್ಲಿ 'ಉದ್ರಿ' ಅನ್ನುವ ಒಂದು ಫೈಲು ಇತ್ತು.

ದ್ರಾಕ್ಷಿ ಸೀಮೆಯಲ್ಲಿ ಉದ್ರಿ ಅಂದರೆ ಏನಂತ ಬಲ್ಲವರು ಬಲ್ಲರು. ಚಾಟ್ನಿಗೆ ಒಯ್ದ ಔಷಧದ ರೊಕ್ಕ ಬರುವುದು ಹಣ್ಣು ಒಣಗಿ, ಮಣೂಕ ಆಗಿ, ತಾಸಗಾಂವಿನಲ್ಲೋ ಸಾಂಗ್ಲಿಯಲ್ಲೋ ಮಾರಾಟವಾದ ಮೇಲೆ. ಅಲ್ಲಿವರೆಗೆ ಯಾರು ಎಷ್ಟು ಬಾಕಿ ಅನ್ನುವುದು ಅಂಗಡಿಕಾರನ ಎದೆಯೊಳಗಿನ ಗುಟ್ಟು. ಆ ಗುಟ್ಟು ಗೋಡೆಯಾಚೆ ಸಣ್ಣ ಕಾಕಾನ ಪರದೆಯ ಮೇಲೆ, ಹೆಸರು ತಾರೀಖು ಸಮೇತ ತೆರೆದುಕೊಂಡಿತು. ನಾಲ್ಕನೇ ಸಾಲಿನಲ್ಲಿ ಸಣ್ಣ ಕಾಕಾನ ಹೆಂಡತಿಯ ಖಾಸಾ ತಮ್ಮ! ಊರಿಗೆಲ್ಲ "ನಂದು ನಗದಿ ವ್ಯವಹಾರ" ಅಂತ ಸಾರುವ ಆಸಾಮಿ. ಕಾಕು ಅದನ್ನು ಓದಿದರೋ, ಯಾರಾದರೂ ಓದಿ ಹೇಳಿದರೋ, ಅಂದು ಸಂಜೆ ಬಾಕಿ ಪೂರಾ ಚುಕ್ತಾ ಆಯಿತು. ವರ್ಷಗಟ್ಟಲೆ ಮಂದಿ ಕಳಿಸಿ ಕೇಳಿದರೂ ಬಾರದ ರೊಕ್ಕ. ದೊಡ್ಡ ಕಾಕಾನಿಗೆ ಸಿಟ್ಟು ಮಾಡಬೇಕೋ ಖುಷಿ ಪಡಬೇಕೋ ತಿಳಿಯದೆ ನನಗೆ ಫೋನ್ ಹಚ್ಚಿ ಕೇಳಿದ್ದು ಇದನ್ನು: "ತಮ್ಮಾ, ಉಳದವರ ಮನಿ ಮಟಾನೂ ಈ ವೈರ್ ಎಳಿಯಾಕ ಬರ್ತೈತೇನು? ಕೇಬಲ್ ಭಾಳ ಉಳದೈತಿ."

ನೂರು ಮೀಟರಿಗೆ ಒಂದು ತುಂಡು ಮುಗಿಯುತ್ತದೆ ಅಂತ ಹೇಳಿ ಅವನ ಆಸೆ ತಣ್ಣಗೆ ಮಾಡಿದೆ. ಹೊರಗೆ ಎಳೆದ ಕೇಬಲ್ಲಿಗೆ ಸಿಡಿಲಿನ ಕಾಟ ಬೇರೆ. ಮಳೆಗಾಲದ ಒಂದು ಮಿಂಚಿಗೆ ಸ್ವಿಚ್ಚಿನಿಂದ ಪ್ರಿಂಟರಿನವರೆಗೆ ಎಲ್ಲ ಸುಟ್ಟು ಕೂರುತ್ತವೆ. ಹಂಚುವಿಕೆಯನ್ನು ಒಂದೇ ಫೋಲ್ಡರಿಗೆ ಇಳಿಸಿ, ಪಾಸ್‌ವರ್ಡ್ ಹಾಕಿ, ಓದಲು ಮಾತ್ರ ಅಪ್ಪಣೆ ಇಟ್ಟು ಬಂದೆ.

ಆಮೇಲೆ ಶುರುವಾದದ್ದು ಹಾಳೆಯ ಲೆಕ್ಕ. ಒಟ್ಟು ಎಷ್ಟು ಹಾಳೆ ಹೊಡೆದೆ ಅಂತ ಪ್ರಿಂಟರ್ ಹೇಳುತ್ತದೆ. ಯಾರಿಗೆ ಎಷ್ಟು ಅಂತ ಆ ಸಾದಾ ಪ್ರಿಂಟರ್ ಹೇಳುವುದಿಲ್ಲ. ಟೋನರ್ ಮುಗಿದಾಗ ಅಣ್ಣ ಅಂದ, ನಂದು ಬರೇ ಬಿಲ್ಲು, ಅರ್ಧ ಹಾಳೆ. ತಮ್ಮ ಅಂದ, ಅರ್ಧ ಹಾಳೆಯಾದರೂ ಇಡೀ ಹಾಳೆ ನುಂಗತೈತಿ. ಎಲ್ಲ ನನ್ನ ಮುಖಾಂತರ, ಫೋನಿನಲ್ಲಿ. ಬೇಸತ್ತು ದೊಡ್ಡ ಕಾಕಾ ತನ್ನದೇ ಒಂದು ಹೊಸ ಪ್ರಿಂಟರ್ ತಂದ. ತಂದವನು ಜೋಡಿಸಿದ್ದು ಅದೇ ಸ್ವಿಚ್ಚಿಗೆ, ಅಲ್ಲಿ ತೂತು ಖಾಲಿ ಇತ್ತಲ್ಲ.

ಈಗ ಎರಡೂ ಅಂಗಡಿಯ ಕಂಪ್ಯೂಟರಿನಲ್ಲಿ ಎರಡೂ ಪ್ರಿಂಟರ್ ಕಾಣುತ್ತವೆ. ಅಣ್ಣ ತನ್ನ ಬಿಲ್ಲುಗಳನ್ನು ತಮ್ಮನ ಪ್ರಿಂಟರಿಗೆ ಕಳಿಸುತ್ತಾನೆ, ತಮ್ಮ ಉತಾರಗಳನ್ನು ಅಣ್ಣನದಕ್ಕೆ. ಹಾಳೆ ಇಸಿದುಕೊಂಡು ಬರಲು ಗಿರಾಕಿಗಳನ್ನೇ ಆ ಕಡೆಗೆ ಅಟ್ಟುತ್ತಾರೆ. ಕೇಳಿದರೆ ಇಬ್ಬರದೂ ಒಂದೇ ಉತ್ತರ: "ಅವರ ಪ್ರಿಂಟರಿನಾಗ ಅಕ್ಷರ ಸ್ವಚ್ಛ ಮೂಡ್ತಾವು."